ಹದಿನೈದು ನಿಮಿಷಕ್ಕೊಂದು ನಕಲು

ಬೆಳಿಗ್ಗೆ ಹತ್ತೂವರೆಗೆ ಹಿರಿಯ ವಕೀಲರು ಒಂದು ಕರಾರುಪತ್ರವನ್ನು ಅಳಿಸಿಬಿಟ್ಟರು. ಒಂಬತ್ತಕ್ಕೆ ಕೂತು ತಾವೇ ಬರೆದದ್ದು, ಹತ್ತೂವರೆಗೆ ತಾವೇ ಯಾವುದೋ ಗುಂಡಿ ಒತ್ತಿ ಕಳೆದದ್ದು. ಬೈಸಿಕೊಂಡವನು ಮಾತ್ರ ಟೇಪಣ್ಣ.

ಟೇಪಣ್ಣ ಅವನ ಹೆಸರಲ್ಲ, ಕೆಲಸ ಅಂಟಿಸಿದ ಅಡ್ಡಹೆಸರು. ಆ ವಕೀಲರ ಕಚೇರಿಯ ಕಂಪ್ಯೂಟರುಗಳಲ್ಲಿರುವ ಅಷ್ಟೂ ದಾವೆ, ಪತ್ರ, ಹೇಳಿಕೆಗಳನ್ನು ದಿನಾ ಸಂಜೆ ಆರಕ್ಕೆ ಟೇಪಿಗೆ ನಕಲು ಮಾಡಬೇಕು. ಕಚೇರಿಗೆ ಬೆಂಕಿ ಬಿದ್ದರೂ ನಕಲು ಉಳಿಯಲಿ ಎಂದು ಆ ಟೇಪನ್ನು ಮನೆಗೆ ಹೊತ್ತೊಯ್ಯಬೇಕು. ಮರುದಿನ ವಾಪಸು ತರಬೇಕು. ಹದಿನಾರು ವರ್ಷ ಇದೇ. ಭಾನುವಾರವೂ ಬಿಡುವಿಲ್ಲ. ಅವನಿಗೆ ಜ್ವರ ಬಂದಾಗ ಹೆಂಡತಿಯೇ ಬಂದು ಟೇಪು ಬದಲಾಯಿಸಿ ಹೋದದ್ದೂ ಉಂಟು. ಮದುವೆಯಾದಾಗಿನಿಂದ ಗಂಡ ಹೆಂಡತಿ ಜೊತೆಯಾಗಿ ಒಂದು ದಿನವೂ ಊರು ಬಿಟ್ಟು ಹೋದವರಲ್ಲ.

ಕೊನೆಗೂ ಇವತ್ತು ಟೇಪಿನ ಬದಲು ಡಿಸ್ಕಿನ ಪೆಟ್ಟಿಗೆ ಬಂದಿತ್ತು. ಸಂಜೆ ನಾಲ್ಕಕ್ಕೆ ಅದರ ಪರೀಕ್ಷೆ. ಪಾಸಾದರೆ ನಕಲು ಮಾಡುವುದೆಲ್ಲ ಪೆಟ್ಟಿಗೆಯದೇ ಕೆಲಸ, ನಾಳೆಯಿಂದ ಟೇಪಣ್ಣನಿಗೆ ಹತ್ತು ದಿನ ರಜೆ. ಹಿರಿಯ ವಕೀಲರೇ ಒಪ್ಪಿದ್ದರು. ಹೆಂಡತಿ ಸಮುದ್ರ ನೋಡುತ್ತೇನೆಂದು ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಳು.

ಅಂಥ ದಿನವೇ ಈ ಕರಾರುಪತ್ರದ ರಾಮಾಯಣ.

"ಎಲ್ಲಯ್ಯಾ ಅದು? ಟೇಪಿಂದ ತೆಗಿ!" ಎಂದು ಹಿರಿಯರು ಗುಡುಗಿದರು. ಅವರ ಎದುರಿಗೆ ಒಬ್ಬ ಕಕ್ಷಿದಾರ ಕಾಲಮೇಲೆ ಕಾಲು ಹಾಕಿ ಕೂತಿದ್ದ.

"ಸಾರ್, ಟೇಪು ನಕಲು ತಗೊಳ್ಳೋದು ಸಂಜೆ ಆರಕ್ಕೆ. ನೀವು ಬೆಳಿಗ್ಗೆ ಬರೆದು ಬೆಳಿಗ್ಗೆನೇ ಅಳಿಸಿದ್ರೆ ಅದ್ರಲ್ಲಿ ಹೇಗೆ ಬರುತ್ತೆ?"

"ನನಗೇ ವಾದ ಹೇಳಿಕೊಡ್ತೀಯಾ? ಹದಿನಾರು ವರ್ಷ ಟೇಪು ಹೊತ್ತಿದ್ದು ಬಿಟ್ರೆ ಏನಯ್ಯಾ ಕಡಿದು ಕಟ್ಟೆ ಹಾಕಿದೀಯಾ? ಕತ್ತೆನೂ ಇಷ್ಟು ಹೊರ್ತಿತ್ತು!"

ಕಕ್ಷಿದಾರ ಕಿಸಕ್ಕನೆ ನಕ್ಕ. ಬೈಗುಳವನ್ನಾದರೂ ನುಂಗಬಹುದು, ಆ ನಗು ಟೇಪಣ್ಣನ ಗಂಟಲಲ್ಲೇ ನಿಂತಿತು. ಬರೆಯುತ್ತಿರುವ ನನಗೂ ಮೈ ಉರಿಯುತ್ತದೆ, ಅವನಿಗೆ ಉರಿಯದೆ ಇರುತ್ತದೆಯೇ?

ಅವನು ತನ್ನ ಮೇಜಿಗೆ ಹೋಗಿ ಹಿರಿಯ ವಕೀಲರಿಗೆ ಒಂದು ಕಾಗದ ಟೈಪು ಮಾಡಿದ. 'ಮಾನ್ಯರೇ' ಎಂದು ಶುರುಮಾಡಿ, ಅದು ಹೆಚ್ಚಾಯಿತೆಂದು ತೆಗೆದುಹಾಕಿದ. ಆಮೇಲೆ ಕೈ ನಿಲ್ಲಲಿಲ್ಲ. 'ನೀವು ವಕೀಲರಲ್ಲ, ಬಾಯಿಬಡುಕರು. ನೀವೇ ಅಳಿಸಿ ನನ್ನನ್ನು ಬೈಯುವುದಕ್ಕೆ ನಾಚಿಕೆಯಾಗಬೇಕು. ನನ್ನ ಹೆಂಡತಿಯ ಹದಿನಾರು ವರ್ಷದ ಸಂಜೆಗಳನ್ನು ತಿಂದು ನೀರು ಕುಡಿದಿದ್ದೀರಿ. ಕಕ್ಷಿದಾರ ನಕ್ಕಾಗ ನಿಮ್ಮ ಮುಖ ಅರಳಿತಲ್ಲ, ಅದಕ್ಕೊಂದು ಕಪಾಳಮೋಕ್ಷ ಆಗಬೇಕು.' ಹೀಗೆ ಒಂದೂವರೆ ಪುಟ. ಹನ್ನೆರಡರ ಹೊತ್ತಿಗೆ ಸಿಟ್ಟು ಸ್ವಲ್ಪ ಇಳಿಯಿತು, ರಜೆ ನೆನಪಾಯಿತು. ಸಂಜೆಯೊಳಗೆ ಅಳಿಸಿದ್ದನ್ನು ಟೇಪು ಕಾಣುವುದಿಲ್ಲ ಎಂಬ ಧೈರ್ಯದಿಂದ ಕಾಗದ ಅಳಿಸಿ ಕೈತೊಳೆದುಕೊಂಡ.

ಊಟದ ಹೊತ್ತಿಗೆ ಪೆಟ್ಟಿಗೆ ಕೂರಿಸಲು ಬಂದಿದ್ದ ಇಂಜಿನಿಯರ್ ಹಲ್ಲು ಕಿರಿಯುತ್ತ ಬಂದ.

"ಅಣ್ಣಾ, ಹನ್ನೊಂದಕ್ಕೇ ಪೆಟ್ಟಿಗೆ ಶುರು ಮಾಡ್ಬಿಟ್ಟೆ. ಹದಿನೈದು ನಿಮಿಷಕ್ಕೊಂದು ನಕಲು! ಯಾರು ಏನೇ ಬರೆದು ಅಳಿಸಿದ್ರೂ ಇದ್ರೊಳಗೆ ಭದ್ರ."

ಟೇಪಣ್ಣ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದ. "ಸಂಜೆ ಶುರು ಮಾಡ್ತೀನಿ ಅಂದಿದ್ರಲ್ಲ? ಈಗ ಒಳಗಿರೋದನ್ನ ಅಳಿಸ್ಬೇಕು ಅಂದ್ರೆ?"

"ಏಳು ವರ್ಷ ಯಾರ ಕೈಲೂ ಆಗಲ್ಲ. ನಿಮ್ಮ ಸಾಹೇಬ್ರೇ ಬರೆದುಕೊಟ್ಟ ಷರತ್ತು. ನಾಲ್ಕಕ್ಕೆ ನೋಡಿ ಮಜಾ, ಇವತ್ತು ಕಚೇರೀಲಿ ಕೊನೆಗೆ ಅಳಿಸಿದ ಕಾಗದ ಯಾವುದೋ ಅದನ್ನ ಅವರ ಮುಂದೆನೇ ವಾಪಸು ತರ್ತೀನಿ."

ದಿಕ್ಕು ತೋಚದೆ ಅವನು ಟೈಪಿಸ್ಟಕ್ಕನ ಹತ್ತಿರ ಗುಟ್ಟಾಗಿ ಹೇಳಿಕೊಂಡ. ಟೈಪಿಸ್ಟಕ್ಕ ಒಳ್ಳೆಯವಳೇ, ಆದರೆ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವಳಲ್ಲ. ಐದು ನಿಮಿಷದಲ್ಲಿ ಗುಮಾಸ್ತ ಹಾಜರಾದ.

"ಕಾಗದದಲ್ಲಿ ನನ್ನ ವಿಷಯ ಸೇರಿಸಿದ್ಯೇನಪ್ಪಾ? ಮಳೇಲಿ ಛತ್ರಿನೂ ಕೊಡದೆ ಕೋರ್ಟಿಗೆ ಓಡಿಸ್ತಾರಲ್ಲ, ಅದು?"

"ಇಲ್ಲ ಮಾರಾಯಾ."

"ನೋಡ್ದಾ! ನಿಂದು ಮಾತ್ರ ನೋಡ್ಕೊಂಡೆ." ಗುಮಾಸ್ತನಿಗೆ ನಿಜವಾಗಿಯೂ ಬೇಜಾರಾಯಿತು.

ಟೈಪಿಸ್ಟಕ್ಕ ಉಪಾಯ ಹೇಳಿದಳು. "ಕೊನೆಗೆ ಅಳಿಸಿದ್ದು ತಾನೆ ತೋರಿಸೋದು? ಅವರನ್ನ ಹೊಗಳಿ ಇನ್ನೊಂದು ಬರಿ. ನಕಲು ಆಗ್ತಿದ್ದ ಹಾಗೆ ಅಳಿಸು. ಅದೇ ಎದ್ದು ಬರುತ್ತೆ."

ಟೇಪಣ್ಣ ಹಲ್ಲು ಕಚ್ಚಿಕೊಂಡು ಕೂತ. 'ನಮ್ಮ ಹಿರಿಯ ವಕೀಲರು ದೇವರಂಥವರು. ಅವರ ಬೈಗುಳವೂ ನನಗೆ ಆಶೀರ್ವಾದ.' ಬರೆಯುತ್ತಿದ್ದಂತೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ತಂದೆ ಸಮಾನರು ಅಂತ ಹಾಕು," ಎಂದ ಗುಮಾಸ್ತ, ಭುಜದ ಮೇಲಿಂದ ಬಗ್ಗಿ.

"ನನಗಿಂತ ನಾಲ್ಕೇ ವರ್ಷಕ್ಕೆ ದೊಡ್ಡವರು ಕಣಯ್ಯಾ!"

"ಹಾಗಾದ್ರೆ ಚಿಕ್ಕಪ್ಪನ ಸಮಾನರು ಅಂತ ಹಾಕು."

ಮೂರೂವರೆಗೆ ನಕಲು ಆಯಿತು, ಟೇಪಣ್ಣ ಕಾಗದ ಅಳಿಸಿದ. ಇನ್ನು ನಾಲ್ಕರವರೆಗೆ ಯಾರೂ ಏನೂ ಅಳಿಸಬಾರದು. ಮೇಜಿನಿಂದ ಮೇಜಿಗೆ ಕೈಮುಗಿದುಕೊಂಡು ಓಡಾಡಿದ. ಬೇಡವೆಂದದ್ದೇ ತಡ, ಎಲ್ಲರಿಗೂ ಏನಾದರೊಂದು ಅಳಿಸುವ ತುರ್ತು ಹುಟ್ಟಿತು. ಗುಮಾಸ್ತನ ಕೈಯನ್ನಂತೂ ಹಿಡಿದುಕೊಂಡೇ ಕೂರಬೇಕಾಯಿತು.

ನಾಲ್ಕಕ್ಕೆ ಹಿರಿಯ ವಕೀಲರೂ, ಅವರ ಪಾಲುದಾರನಾದ ಬಾಮೈದ ಕಿರಿಯ ವಕೀಲರೂ ಪರದೆಯ ಮುಂದೆ ಕೂತರು. ಇಂಜಿನಿಯರ್ ಗುಂಡಿ ಒತ್ತಿದ. ಟೇಪಣ್ಣನ ಹೆಸರಿನ ಕೆಳಗೆ ಹೊಗಳಿಕೆಯ ಕಾಗದ ಎದ್ದು ಬಂತು. ಹಿರಿಯರು ಗಟ್ಟಿಯಾಗಿ ಓದತೊಡಗಿದರು, ಎರಡನೇ ಸಾಲಿಗೇ ದನಿ ಮೆತ್ತಗಾಯಿತು.

"ಇಷ್ಟು ಚೆನ್ನಾಗಿ ಬರೆದು ಯಾಕಯ್ಯಾ ಅಳಿಸಿದೆ?"

"ನಾಚಿಕೆ ಆಯ್ತು ಸಾರ್," ಎಂದ ಟೇಪಣ್ಣ. ಅದಾದರೂ ನಿಜವೇ ಆಗಿತ್ತು.

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಎದುರಿಗೆ ಹೊಗಳೋರು ನೂರು ಜನ ಸಿಗ್ತಾರೆ. ಹೊಗಳಿ ಬರೆದು, ತೋರಿಸದೆ ಅಳಿಸೋನು ಇವನೊಬ್ಬನೇ. ಇಂಜಿನಿಯರೇ, ಇವನು ಇವತ್ತು ಇನ್ನೂ ಏನೇನು ಬರೆದು ಅಳಿಸಿದಾನೆ, ತೆಗೀರಿ."

"ಬೇಡ ಸಾರ್!"

"ಸಂಕೋಚ ನೋಡು ಇವನಿಗೆ!"

ಮುಂದಿನ ಕಾಗದವನ್ನೂ ಹಿರಿಯರು ಅದೇ ಮೆತ್ತನೆಯ ದನಿಯಲ್ಲಿ ಶುರುಮಾಡಿದರು. 'ಬಾಯಿಬಡುಕರು' ದಾಟಿ, 'ನಾಚಿಕೆ'ಗೆ ಬಂದು ನಿಂತರು. ಉಳಿದದ್ದನ್ನು ಕಣ್ಣಲ್ಲೇ ಓದಿದರು. ಮುಖ ಕೆಂಪಾಯಿತು.

"ಇದು ನೀನು ಬರೆದದ್ದಾ?"

ಇಲ್ಲ, ನನ್ನ ಮೇಜಲ್ಲಿ ಇನ್ಯಾರೋ ಕೂತು ಬರೆದದ್ದು ಎನ್ನಬಹುದಿತ್ತು. ಆದರೆ ಬೆಳಗ್ಗಿನ ಆ ನಗು ಗಂಟಲಿಂದ ಹೊರಗೆ ಬಂದೇ ಬಂತು. "ಹೌದು ಸಾರ್, ನಾನೇ! ಮೊದಲು ಓದಿದ್ದು ಸುಳ್ಳು, ಇದೇ ನಿಜ. ನೀವು ಅಳಿಸಿದ್ದಕ್ಕೆ ನನಗ್ಯಾಕೆ ಬೈದ್ರಿ? ಹೊರಗಿನವರ ಮುಂದೆ ಕತ್ತೆ ಅಂದ್ರಲ್ಲ, ನಾನೂ ಮನುಷ್ಯ ಅಲ್ವಾ?"

"ಈಗಲೇ ಎದ್ದು ಹೊರಗೆ—"

"ನೋಡಿದ್ರಾ ಸಾರ್!" ಇಂಜಿನಿಯರಿಗೆ ತನ್ನ ಪೆಟ್ಟಿಗೆಯದೇ ಧ್ಯಾನ. "ಒಂದಕ್ಷರ ಬಿಟ್ಟಿಲ್ಲ! ಇವರದ್ದು ಅಂತಲ್ಲ, ಎಲ್ಲರದ್ದೂ ಇದೆ. ಇಗೋ ನಿಮ್ಮದು."

ಪರದೆಯ ಮೇಲೆ ಹಿರಿಯರ ಪಟ್ಟಿ ತೆರೆದುಕೊಂಡಿತು. ಮೊದಲ ಸಾಲು: 'ಬಾಮೈದನನ್ನು ಪಾಲುದಾರಿಕೆಯಿಂದ ತೆಗೆಯುವ ನೋಟಿಸು, ಕರಡು. ಇಂದು ಅಳಿಸಲಾಗಿದೆ.'

"ಏನ್ ಭಾವ ಇದು?" ಕಿರಿಯ ವಕೀಲರು ಎದ್ದು ನಿಂತರು.

"ಇಗೋ ಸಾರ್, ನಿಮ್ಮದೂ ಇದೆ," ಎಂದ ಇಂಜಿನಿಯರ್ ಅವರಿಗೆ. 'ಭಾವನ ಮೇಲೆ ಹೂಡಬೇಕಾದ ದಾವೆ, ಕರಡು. ಇಂದು ಅಳಿಸಲಾಗಿದೆ.'

ಭಾವ, ಬಾಮೈದ ಮುಖ ಮುಖ ನೋಡಿಕೊಂಡರು. ಇಬ್ಬರೂ ವಕೀಲರು. ಉಳಿದುಕೊಂಡ ಕಾಗದ ಒಂದಲ್ಲ ಒಂದು ದಿನ ಕೋರ್ಟು ಹತ್ತುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮೊದಲು ಆ ವೈರು ಕೀಳ್ರೀ!" ಇಬ್ಬರೂ ಒಟ್ಟಿಗೆ ಕೂಗಿದರು.

ವೈರು ಕಿತ್ತದ್ದಾಯಿತು. ಡಿಸ್ಕುಗಳನ್ನು ಹೊರಗೆಳೆದು ಹಿರಿಯರು ತಮ್ಮ ಬೀರುವಿಗೆ ಹಾಕಿ ಬೀಗ ಜಡಿದರು, ಅದರ ಮೇಲೆ ಕಿರಿಯರು ತಮ್ಮದೊಂದು ಬೀಗ ಜಡಿದರು. ಆಮೇಲೆ ಹಿರಿಯರು ಟೇಪಣ್ಣನ ಕಡೆ ತಿರುಗಿದರು.

"ಇಷ್ಟೆಲ್ಲ ಕಣ್ಣಾರೆ ನೋಡಿರೋ ನಿನ್ನನ್ನ ಹೊರಗೆ ಕಳಿಸೋಕೆ ನನಗೇನು ತಲೆಕೆಟ್ಟಿದೆಯಾ? ಬಿದ್ದಿರು ಇಲ್ಲೇ. ಸಂಜೆ ಆರಕ್ಕೆ ಟೇಪು ಹಾಕು."

"ರಜೆ ಸಾರ್?"

"ಟೇಪನ್ನ ನಿಮ್ಮಜ್ಜ ಬಂದು ಹಾಕ್ತಾನಾ?"

ಆರಕ್ಕೆ ಟೇಪು ತಿರುಗುತ್ತಿರುವಾಗ ಹೆಂಡತಿಯ ಫೋನು ಬಂತು.

"ರೀ, ಪಕ್ಕದ್ಮನೆಯವರಿಗೆ ಬೀಗದ ಕೈ ಕೊಟ್ಟು ಬಂದೆ. ಇನ್ನೂ ಹೊರಟಿಲ್ವಾ?"

"ಬರ್ತಾ ಇದೀನಿ," ಎಂದ ಟೇಪಣ್ಣ. "ಟೇಪೂ ಬರ್ತಾ ಇದೆ."