ಕೆಂಪು ಗೆರೆಯ ಟೈರು ಮತ್ತು ಅವ್ವನ ಲಿಂಬಿಹಣ್ಣು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇದುವರೆಗೆ ಬರೆದದ್ದೆಂದರೆ ಆಫೀಸಿನ ವರದಿಗಳು ಮಾತ್ರ. ಹಾಗಾಗಿ ಇದನ್ನು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ನಗಬೇಕಾದ ಕಡೆ ನಿಮಗೆ ಆಕಳಿಕೆ ಬಂದರೆ ತಪ್ಪು ನನ್ನದು, ನಡೆದ ಸಂಗತಿಯದ್ದಲ್ಲ. ಹಳೆಯ ಕಾರು ಸಾಕಿಕೊಂಡವನ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಇನ್ನು ಬೆಚ್ಚಿಬೀಳುವುದಕ್ಕೆ ಏನೂ ಉಳಿದಿಲ್ಲ ಎಂದುಕೊಳ್ಳುತ್ತೇನೆ, ಅಷ್ಟರಲ್ಲಿ ಮತ್ತೆ ಬೆಚ್ಚಿಬೀಳುತ್ತೇನೆ.

ಯಾರು ಯಾರು ಎಂದು ಮೊದಲೇ ಹೇಳಿದರೆ ಒಳ್ಳೆಯದು. ನಾನು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಗಿಯರ್ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಹೆಂಡತಿ ಮೈಸೂರಿನವಳು, ಆಸ್ಪತ್ರೆಯಲ್ಲಿ ಡಾಕ್ಟರ್. ಅವ್ವ ಬೇಸಿಗೆ ಕಳೆಯಲೆಂದು ಗದಗಿನಿಂದ ಬಂದಿದ್ದಾಳೆ. ಉಳಿದದ್ದು ಕಾರು. ಅದು ಅಮೆರಿಕದ್ದು, ನನಗಿಂತ ಹಿರಿಯದು. ಅಂಥದ್ದಕ್ಕೆ ಮಸಲ್ ಕಾರು ಅನ್ನುತ್ತಾರೆ. ಅಂದರೆ, ಲಾರಿ ಎಳೆಯಬಲ್ಲ ಎಂಜಿನನ್ನು ಎರಡು ಬಾಗಿಲಿನ ಕಾರಿನೊಳಗೆ ತುರುಕಿದ್ದು. ನಾನು ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಬೆಕ್ಕು ಅದರಾಚೆಯ ಮನೆಗೆ ಹೋಗಿ ಕೂರುತ್ತದೆ.

ಅಜ್ಜನಿಗೆ ಜಾಗಿಂಗ್ ಶೂ

ನಮ್ಮೂರ ಹತ್ತಿರದ ಮೈದಾನದಲ್ಲಿ ಪ್ರತಿ ಬೇಸಿಗೆ ಹಳೆಯ ಕಾರುಗಳ ಶೋ ನಡೆಯುತ್ತದೆ. ಅದರ ಮುಂದಿನ ಸಾಲು, ಕಾರ್ಖಾನೆಯಿಂದ ಹೇಗೆ ಹೊರಬಂದವೋ ಹಾಗೇ ಇರುವ ಕಾರುಗಳಿಗೆ ಮೀಸಲು. ಯಾವುದು ಮುಂದೆ, ಯಾವುದು ಹಿಂದೆ ಎಂದು ತೀರ್ಮಾನಿಸುವವರು ಒಬ್ಬ ಹಿರಿಯರು. ಈ ಸೀಮೆಯವರೇ, ಅಪ್ಪಟ ಯಾರ್ಕ್‌ಶೈರಿನವರು, ನಿವೃತ್ತರು, ನಗುವುದಿಲ್ಲ. ಎಲ್ಲರ ಕಾರಿನ ತಪ್ಪು ಹುಡುಕುವ ಅವರ ಸ್ವಂತ ಹಳೆಯ ಕಾರು ಮಾತ್ರ ಪ್ರತಿ ವರ್ಷ ಶೋಗೆ ಬರುವುದು ಕೆಟ್ಟುನಿಂತ ಗಾಡಿಗಳನ್ನು ಹೊರುವ ಬ್ರೇಕ್‌ಡೌನ್ ಲಾರಿಯ ಮೇಲೆ. ಇದನ್ನು ಅವರ ಎದುರು ಯಾರೂ ಆಡುವುದಿಲ್ಲ.

ಹೋದ ವರ್ಷ ಅವರು ನನ್ನ ಕಾರನ್ನು ಸುತ್ತು ಹಾಕಿ ನೋಡಿದರು. ಎಂಜಿನ್ ಸರಿ, ಬಣ್ಣ ಸರಿ, ಸೀಟು ಸರಿ ಎನ್ನುತ್ತ ಬಂದವರು ಚಕ್ರದ ಹತ್ತಿರ ನಿಂತುಬಿಟ್ಟರು. ಹಿಂದಿನ ಮಾಲೀಕ ಹಾಕಿಸಿದ್ದ ಈ ಕಾಲದ ಚಕ್ರಗಳವು. ಮೊರದಗಲದ ಹೊಳೆಯುವ ಅಲಾಯ್, ಸುತ್ತ ರಬ್ಬರ್ ಬ್ಯಾಂಡಿನಷ್ಟು ತೆಳ್ಳಗಿನ ಟೈರು. ನನಗೆ ಅವೇ ಬಹಳ ಇಷ್ಟವಾಗಿದ್ದವು.

"ಹಿಂದಿನ ಸಾಲಿಗೆ ಹೋಗು, ಲವ್," ಎಂದರು. (ಇಲ್ಲಿ ಗಂಡಸರು ಗಂಡಸರನ್ನೂ ಹಾಗೇ ಕರೆಯುತ್ತಾರೆ, ಗಾಬರಿಯಾಗಬೇಕಿಲ್ಲ. ನಾನು ಮೊದಲ ವರ್ಷ ಗಾಬರಿಬಿದ್ದಿದ್ದೆ.)

"ಬರೀ ಚಕ್ರಕ್ಕಾಗಿಯೇ?" ಎಂದು ದಂಗಾಗಿ ಕೇಳಿದೆ.

"ನಿನ್ನ ಅಜ್ಜ ಸೂಟು ಹಾಕಿಕೊಂಡು ಮದುವೆಗೆ ಹೊರಟಿದ್ದಾರೆ. ನೀನು ಕಾಲಿಗೆ ಜಾಗಿಂಗ್ ಶೂ ತೊಡಿಸಿದ್ದೀಯ."

ಮನೆಗೆ ಬಂದಮೇಲೆ ಹೆಂಡತಿ ತೀರ್ಪು ಕೊಟ್ಟಳು. "ನೋಡಿ, ಮುಂದಿನ ವರ್ಷ ಇದು ಮುಂದಿನ ಸಾಲಲ್ಲಿ ನಿಂತರೆ ಇಟ್ಟುಕೊಳ್ಳಿ. ಇಲ್ಲಾಂದ್ರೆ ಮಾರಿಬಿಡಿ. ಗ್ಯಾರೇಜಲ್ಲಿ ನಾನು ಡ್ರೈಯರ್ ಇಡ್ತೀನಿ. ಜುಲೈ ತಿಂಗಳಲ್ಲೂ ಮನೆ ಬಿಸಿ ಮಾಡೋ ರೇಡಿಯೇಟರ್ ಮೇಲೆ ನಿಮ್ಮ ಬನಿಯನ್ ಒಣಗಿಸಿ ಸಾಕಾಗಿದೆ ನನಗೆ."

ಅಲ್ಲಿಯವರೆಗೆ ನನ್ನ ಪ್ರತಿಸ್ಪರ್ಧಿ ಒಂದು ಬಟ್ಟೆ ಒಣಗಿಸುವ ಯಂತ್ರ ಎಂಬುದು ನನಗೆ ಗೊತ್ತೇ ಇರಲಿಲ್ಲ.

ನಿಲ್ಲದ ತಾಟು

ಚಳಿಗಾಲವಿಡೀ ಚಕ್ರ ಹುಡುಕಿದೆ. ಇದನ್ನೂ ಸ್ವಲ್ಪ ವಿವರಿಸುತ್ತೇನೆ. ನನ್ನ ಕಾರು ಹೊಸದಿದ್ದಾಗ ಅದಕ್ಕೆ ಎರಡು ಬಗೆಯ ಚಕ್ರ ಸಿಗುತ್ತಿದ್ದವು. ಒಂದು, ಐದು ಕಡ್ಡಿಯ ಶೋಕಿಯ ಚಕ್ರ. ಇನ್ನೊಂದು ಸಾದಾ ಉಕ್ಕಿನ ಚಕ್ರ, ಅದರ ನಡುವೆ ನಟ್ಟುಗಳನ್ನು ಮುಚ್ಚಲು ಪುಟ್ಟದೊಂದು ಹೊಳೆಯುವ ಕ್ಯಾಪ್. ನಾನು ಸಾದಾ ಮನುಷ್ಯ, ಸಾದಾದ್ದನ್ನೇ ಆರಿಸಿಕೊಂಡೆ. ಚಕ್ರಗಳು ಗ್ಯಾರೇಜಿಗೆ ಬಂದವು. ಕ್ಯಾಪುಗಳಿದ್ದ ಪೆಟ್ಟಿಗೆ ಮಾತ್ರ ತಡವಾಗಿ, ಬೇಸಿಗೆಗೆ ಅವ್ವ ಬಂದಮೇಲೆ, ನಾನು ಕೆಲಸಕ್ಕೆ ಹೋಗಿದ್ದಾಗ ಬಂತು, ಅವ್ವ ತೆಗೆದುಕೊಂಡಳು.

ಆ ದಿನ ಸಂಜೆ ಲೀಡ್ಸ್‌ನಿಂದ ಒಂದು ಕನ್ನಡ ಕುಟುಂಬ ಚಹಾಕ್ಕೆ ಬಂದಿತ್ತು. ನಾನು ಬಾಗಿಲು ತೆರೆದು ಒಳಗೆ ಬಂದರೆ ಎಲ್ಲರೂ ಸೋಫಾದಲ್ಲಿ ಕೂತು ಗಿರಮಿಟ್ ತಿನ್ನುತ್ತಿದ್ದಾರೆ. ಮಂಡಕ್ಕಿ, ಈರುಳ್ಳಿ, ಮೇಲೆ ಶೇಂಗಾ. ಎಲ್ಲವೂ ನನ್ನ ವೀಲ್ ಕ್ಯಾಪುಗಳಲ್ಲಿ!

"ಅವ್ವಾ!" ಎಂದು ಚೀರಿದೆ.

"ಯಾಕ ಚೀರ್ತಿ? ನಿನಗೂ ತಗದಿಟ್ಟೇನಿ."

"ಅವು ಕಾರಿನವು!"

"ಹೌದನು? ನಾ ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದೇನಪಾ, ಏನೂ ಆಗಂಗಿಲ್ಲ."

ಅತಿಥಿಗಳು ತಿನ್ನುವುದನ್ನು ನಿಲ್ಲಿಸಿ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದರು. ಹಿರಿಯ ಅತಿಥಿಯ ಪ್ಯಾಂಟಿನ ಮೇಲೆ ಮಂಡಕ್ಕಿ ಸುರಿಯಿತು. ಅವ್ವ ಮಾತ್ರ ವಸ್ತುವನ್ನು ಪರೀಕ್ಷಿಸಿ ತನ್ನ ಅಭಿಪ್ರಾಯ ಹೇಳಿದಳು. "ಅದಕ್ಕ ಅನ್ನು, ಟೇಬಲ್ ಮ್ಯಾಲಿಟ್ರ ತಿರಗತಾವು. ತಾಟು ಚಲೋ ಅದಾವು, ಆದ್ರ ತಳಾ ಸರಿಯಿಲ್ಲ. ವಾಪಸ್ ಕೊಡು."

ಗೆರೆ ಎಲ್ಲಿ?

ಇನ್ನು ಟೈರು. ಆ ಕಾಲದ ಮಸಲ್ ಕಾರುಗಳ ಟೈರಿನ ಬದಿಯಲ್ಲಿ ಸುತ್ತಲೂ ಒಂದು ಸಣ್ಣ ಕೆಂಪು ಗೆರೆ ಇರುತ್ತಿತ್ತು. ಆಮೇಲೆ ಆಮೇಲೆ ದಪ್ಪ ಬಿಳಿ ಅಕ್ಷರಗಳು ಬಂದವು. ನನ್ನ ಕಾರಿನ ವಯಸ್ಸಿಗೆ ಕೆಂಪು ಗೆರೆಯೇ ಸರಿ. ಈಗಲೂ ಹಳೆಯ ಅಚ್ಚಿನಲ್ಲಿ ಅಂಥ ಟೈರು ಮಾಡುವವರಿದ್ದಾರೆ. ಅವು ಬರುವುದು ತಡವಾಗಿ, ಶೋದ ಹಿಂದಿನ ದಿನ ಅಂಗಡಿಗೆ ತಲುಪಿದವು.

ಟೈರು ಕೂರಿಸುವವನಿಗೆ, ಕೈ ಮುಗಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಹೇಳಿದೆ. "ಅಣ್ಣಾ, ಆ ಕೆಂಪು ಗೆರೆ ಬಹಳ ನಾಜೂಕು. ಒಂದು ಗೀರೂ ಬೀಳಬಾರದು. ಫುಟ್‌ಪಾತಿಗೆ ಉಜ್ಜಬಾರದು. ಜೋಪಾನ." (ಅಣ್ಣಾ ಎಂದು ಅಂದದ್ದು ಮನಸ್ಸಿನಲ್ಲಿ. ಬಾಯಲ್ಲಿ ಮೇಟ್ ಎಂದೆ.) ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದೆ. ನನ್ನ ಸ್ವಭಾವ ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು.

"ಬಿಡು, ಲವ್. ಗೀರು ಬೀಳದ ಹಾಗೆ ಮಾಡುತ್ತೇನೆ," ಎಂದ.

ಮಧ್ಯಾಹ್ನ ಕಾರು ಮನೆಗೆ ತಂದು ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನಾಲ್ಕೂ ಟೈರು ಕರ್ರಗಿವೆ. ಗೆರೆಯೇ ಇಲ್ಲ! ನೆಲದ ಮೇಲೆ ಮಲಗಿ ಇಣುಕಿದೆ. ಇತ್ತು. ಒಳಮಗ್ಗುಲಲ್ಲಿ ಕೆಂಪಗೆ, ಚೆಂದಗೆ, ಸುರಕ್ಷಿತವಾಗಿ, ಎಂಜಿನಿಗೆ ಮಾತ್ರ ಕಾಣುವಂತೆ.

ಅಂಗಡಿಗೆ ಫೋನ್ ಮಾಡಿದೆ. ಅವನು ಬಾಗಿಲು ಹಾಕಿ ಹೊರಟಿದ್ದ. "ನೀನೇ ಹೇಳಿದೆಯಲ್ಲ, ಫುಟ್‌ಪಾತಿಗೆ ಉಜ್ಜಬಾರದು ಅಂತ," ಎಂದ. "ಈಗ ಉಜ್ಜು ನೋಡೋಣ!"

ಚಕ್ರವನ್ನೇ ತಿರುಗಿಸಿ ಹಾಕಬಾರದೇ ಎಂದು ನೀವು ಕೇಳಬಹುದು. ಹೆಂಡತಿಯೂ ಕೇಳಿದಳು. ಬರುವುದಿಲ್ಲ. ಟೈರನ್ನು ರಿಮ್ಮಿನಿಂದ ಬಿಡಿಸಿ ಮಗುಚಿ ಕೂರಿಸಬೇಕು. ಅದಕ್ಕೆ ಯಂತ್ರ ಬೇಕು. ಯಂತ್ರವಿರುವ ಅಂಗಡಿ ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುತ್ತದೆ, ಶೋ ಭಾನುವಾರ.

"ಬೇಜಾರು ಮಾಡ್ಕೋಬೇಡಿ," ಎಂದಳು ಹೆಂಡತಿ, ಬಹಳ ಪ್ರೀತಿಯಿಂದ. "ಹೋಗಿ ಬರೋಣ. ವಾಪಸ್ ಬರ್ತಾ ದಾರೀಲಿ ಡ್ರೈಯರ್ ನೋಡ್ಕೊಂಡು ಬಂದರಾಯ್ತು."

ಹೊಸ ಗಾಲಿಯ ಪೂಜೆ

ಭಾನುವಾರ ಬೆಳಿಗ್ಗೆ ಹೊರಬಂದರೆ ಅವ್ವ ಆಗಲೇ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಳೆ. ನಾಲ್ಕೂ ಕ್ಯಾಪುಗಳ ಮೇಲೆ ಮೂರೆಳೆ ವಿಭೂತಿ. ನಾಲ್ಕೂ ಗಾಲಿಯ ಕೆಳಗೆ ಒಂದೊಂದು ಲಿಂಬಿಹಣ್ಣು. ಟೈರಿನ ಬದಿಗೆ ನೀರಿನಲ್ಲಿ ಕಲಸಿದ ಕುಂಕುಮವನ್ನು ಬೆರಳಿಂದ ಸುತ್ತಲೂ ಬಳೆಯ ಹಾಗೆ ಎಳೆದಿದ್ದಾಳೆ.

"ಅವ್ವಾ, ಏನಿದು?"

"ಹೊಸಾ ಗಾಲಿ ಹಾಕಿದಮ್ಯಾಲೆ ಪೂಜಿ ಮಾಡದ ಹೊರಗ ಒಯ್ತಾರೇನು? ಬರೇ ಕರೇ ಗಾಲಿ, ಹೆಣಾ ಒಯ್ಯೋ ಗಾಡಿ ಕಂಡಂಗ ಕಾಣತಿತ್ತು. ಹತ್ತು ಹತ್ತು, ಲಿಂಬಿಹಣ್ಣು ಪಚ್ಚ್ ಅನಸು."

ಒರೆಸುವಷ್ಟು ಹೊತ್ತಿರಲಿಲ್ಲ. ಇದ್ದರೂ ಅವ್ವ ಮಾಡಿದ ಪೂಜೆಯನ್ನು ಒರೆಸುವ ಧೈರ್ಯ ನನಗಿರಲಿಲ್ಲ. ಮೂವರೂ ಹತ್ತಿ ಹೊರಟೆವು.

ಮೈದಾನದ ಬಾಗಿಲಲ್ಲೇ ಆ ಹಿರಿಯರು ನಿಂತಿದ್ದರು. ಹಿಂದೆ ಲಾರಿ, ಲಾರಿಯ ಮೇಲೆ ಅವರ ಕಾರು. ನಮ್ಮ ಕಾರು ಕಂಡಕೂಡಲೇ ಅವರ ಹುಬ್ಬು ಮೇಲೇರಿತು.

"ಕೆಂಪು ಗೆರೆ! ಈಗ ಅಜ್ಜ ಸರಿಯಾದ ಶೂ ಹಾಕಿಕೊಂಡ. ಮುಂದಿನ ಸಾಲು, ಲವ್!"

ನಾನು ನಿಜ ಹೇಳಲೆಂದೇ ಬಾಯಿ ತೆರೆದೆ. ಹೆಂಡತಿ ನನ್ನ ತೊಡೆ ಚಿವುಟಿದಳು. ಡ್ರೈಯರ್ ಬೇಕೆಂದವಳೇ ಏಕೆ ಚಿವುಟಿದಳು ಎಂಬುದು ನನಗೆ ಈಗಲೂ ಗೊತ್ತಿಲ್ಲ. ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲಿಸಿದೆ. ನಿಲ್ಲಿಸಿದ ಕೂಡಲೇ ಜಿನುಗು ಮಳೆ ಶುರುವಾಯಿತು.

ಟೈರಿನಿಂದ ಕೆಂಪು ನೀರು ಹುಲ್ಲಿನ ಮೇಲೆ ತೊಟ್ಟಿಕ್ಕತೊಡಗಿತು. ಹಿರಿಯರು ಬಂದು ನೋಡಿದರು. ಬೆರಳಿಂದ ಮುಟ್ಟಿದರು. ಬೆರಳನ್ನು ನೋಡಿದರು. ಚಕ್ರದಲ್ಲಿ ಅಂಟಿದ್ದ ಲಿಂಬಿಹಣ್ಣಿನ ಸಿಪ್ಪೆ ನೋಡಿದರು. ಮುಖ ಬಿಳುಚಿತು.

"ದಾರಿಯಲ್ಲಿ ಯಾರಿಗೆ ಗುದ್ದಿದೆ?" ಎಂದು ಪಿಸುಗುಟ್ಟಿದರು.

ನಾನು ಕುಂಕುಮ, ಪೂಜೆ, ಟೈರಿನವನು, ಫುಟ್‌ಪಾತು, ಎಲ್ಲವನ್ನೂ ಒಂದೇ ಉಸಿರಿಗೆ ವಿವರಿಸಿದೆ. ಅವರಿಗೆ ಏನರ್ಥವಾಯಿತೋ. ಟಾರ್ಚ್ ತೆಗೆದು ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿ ಕಾರಿನಡಿ ತಲೆ ತೂರಿಸಿದರು. ಬಹಳ ಹೊತ್ತು ಬರಿಯ ಬೂಟು ಮಾತ್ರ ಕಾಣುತ್ತಿತ್ತು. ನನಗೆ ಗ್ಯಾರೇಜಿನಲ್ಲಿ ಡ್ರೈಯರ್ ತಿರುಗುವ ಸದ್ದು ಕೇಳಿಸತೊಡಗಿತು.

ಕೊನೆಗೆ ಕಾರಿನಡಿಯಿಂದಲೇ ಮಾತು ಬಂತು. "ಟೈರು ಸರಿಯಾದದ್ದೇ. ತೊಡಿಸಿದ್ದು ಉಲ್ಟಾ. ಅಂಗಿ ಉಲ್ಟಾ ಹಾಕಿಕೊಂಡ ಅಂತ ಯಾರನ್ನೂ ಚರ್ಚಿನಿಂದ ಹೊರಗೆ ಹಾಕುವುದಿಲ್ಲ. ಇರಲಿ ಇಲ್ಲೇ."

ಎದ್ದು ನಿಂತು ಸಿಪ್ಪೆ ತೋರಿಸಿ, ಇದೇಕೆ ಎಂದು ಕೇಳಿದರು. ಅವ್ವ ನನಗೆ ಬಾಯಿ ತೆರೆಯಲು ಬಿಡಲಿಲ್ಲ. "ದಾರ್ಯಾಗ ಕೆಡಬಾರದಂತ. ನೋಡ್ರಿ, ನಮ್ಮದು ತನ್ನ ಕಾಲಲೆ ನಡಕೋತ ಬಂತು. ಆ ಲಾರಿ ಮ್ಯಾಲಿಂದಕ್ಕ ಪೂಜಿ ಆಗಿಲ್ಲಂತ ಕಾಣತೈತಿ."

ನಾನು ಹೆಂಡತಿಗೆ ಬೇಡ ಎಂದು ಕಣ್ಸನ್ನೆ ಮಾಡಿದೆ. ಅವಳು ರೋಗಿಗೆ ರಿಪೋರ್ಟ್ ಓದಿ ಹೇಳುವ ದನಿಯಲ್ಲಿ ಒಂದಕ್ಷರವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಸಾಲಿನಲ್ಲಿದ್ದವರೆಲ್ಲ ಉಸಿರು ಹಿಡಿದರು. ಹಿರಿಯರು ಲಾರಿಯನ್ನು ನೋಡಿದರು, ಅವ್ವನನ್ನು ನೋಡಿದರು, ಟಾರ್ಚ್ ಜೇಬಿಗಿಟ್ಟುಕೊಂಡು ಹೋದರು.

ಕಾರು ಉಳಿಯಿತು. ಸೋಮವಾರ ಟೈರುಗಳನ್ನು ಮಗುಚಿ ಹಾಕಿಸಿದೆ. ಅದನ್ನು ಹೇಗೆ ಮಾಡುತ್ತಾರೆಂದರೆ, ಮೊದಲು ಗಾಳಿ ಬಿಡಬೇಕು, ಆಮೇಲೆ ರಿಮ್ಮಿನ ಅಂಚಿಗೆ…

ತಡೆಯಿರಿ, ಕೆಳಗಿನಿಂದ ಹೆಂಡತಿ ಕೂಗುತ್ತಿದ್ದಾಳೆ. "ರೀ, ಬೇಗ ಬನ್ನಿ! ಆ ಶೋ ತಾತ ಬಂದಿದ್ದಾರೆ. ಮನೆ ಮುಂದೆ ಲಾರಿ ನಿಂತಿದೆ. ಕೈಯಲ್ಲಿ ಒಂದು ಚೀಲ ನಿಂಬೆಹಣ್ಣು! ಅಮ್ಮ ಇದ್ದಾರಾ ಅಂತ ಕೇಳ್ತಿದ್ದಾರೆ!"

ಕಿಟಕಿಯಿಂದ ನೋಡಿದೆ. ಅವ್ವ ಆಗಲೇ ಸೆರಗು ಸಿಕ್ಕಿಸಿಕೊಂಡು ಲಾರಿಯ ಪಕ್ಕ ನಿಂತಿದ್ದಾಳೆ. "ತಮ್ಮಾ, ಲಿಂಬಿಹಣ್ಣು ಯಾವ ಗಾಲಿಗಿಡಬೇಕೋ? ಕಾರಿಂದಕ್ಕೋ, ಲಾರಿದಕ್ಕೋ?" ಎಂದು ಕತ್ತೆತ್ತಿ ನನ್ನನ್ನು ಕೂಗಿ ಕೇಳುತ್ತಿದ್ದಾಳೆ. ಇದನ್ನು ನಿಮಗೆ ಸ್ವಲ್ಪ ವಿವರಿಸಲೇಬೇಕು. ಯಾಕೆಂದರೆ ಪೂಜೆ ಆಗಬೇಕಾದದ್ದು ಕಾರಿಗೆ, ಆದರೆ ಉರುಳುವುದು ಲಾರಿಯ ಗಾಲಿ, ಹಾಗಾಗಿ ನ್ಯಾಯವಾಗಿ ನೋಡಿದರೆ…

ಬಂದೆ, ಬಂದೆ!