ಎರಡೂ ಕಡೆ ಗುಡಿಸು

ಇದು ನಿಜವಾಗಿ ನಡೆದ ಕತೆ. ಬರೀ ನಡೆದದ್ದೂ ಅಲ್ಲ, ಅಜ್ಜಂಪುರದ ಪೇಟೆ ಬೀದಿಯಲ್ಲಿ ಟರ್ಪೆಂಟೈನ್ ಡಬ್ಬ ಹಿಡಿದು ಓಡಿದ ಕತೆ. ಓಡಿದವನು ಬೋರ್ಡ್ ಬರೆಯುವ ಕಲ್ಲೇಶ. ಓಡಿಸಿದ್ದು ಒಂದು ಗುಡಿಸು. 'ಲ' ಅನ್ನುವ ಅಕ್ಷರಕ್ಕೆ ತಲೆ ಸುತ್ತಿಸಿ 'ಲಿ' ಮಾಡುತ್ತದಲ್ಲ, ಆ ಗುಡಿಸು.

ಕಲ್ಲೇಶ, ಕೊಬ್ಬರಿ ವ್ಯಾಪಾರಿ ರುದ್ರಮೂರ್ತಿ, ನಿವೃತ್ತ ವಿಜ್ಞಾನದ ಮೇಷ್ಟ್ರು ದೇವೀರಪ್ಪ, ಮೂವರೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ತಲೆ ನರೆತ ಮೇಲೂ ಬೆಂಚು ಬಿಡಲಿಲ್ಲ. ಸ್ಕೂಲಿನದು ಹೋಗಿ ವನಜಾಕ್ಷಿ ಹೋಟೆಲಿನದು ಬಂದಿತ್ತು, ಅಷ್ಟೆ. ಸಂಜೆ ಎರಡು ಕಾಫಿ ತರಿಸಿ ಮೂರು ಲೋಟಕ್ಕೆ ಹಂಚಿಕೊಳ್ಳುವರು. ಕಲ್ಲೇಶ ಒಬ್ಬನ ದನಿ ತೆಗೆದು ಇನ್ನೊಬ್ಬನನ್ನು ಬೈದು ಇಬ್ಬರನ್ನೂ ನಗಿಸುವನು.

ಹೋದ ವರ್ಷದ ಆಯುಧಪೂಜೆಗೆ ಅದು ಮುರಿಯಿತು. ರುದ್ರಮೂರ್ತಿ ಪ್ರೀತಿಯಿಂದಲೇ ದೇವೀರಪ್ಪನ ಹೊಸ ಸ್ಕೂಟರಿಗೆ ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣಿಟ್ಟ. ಕೇಳಲಿಲ್ಲ. ದೇವೀರಪ್ಪ ಆ ನಿಂಬೆಹಣ್ಣನ್ನು ಎತ್ತಿ, ಅವನೆದುರಿಗೇ ಹಿಂಡಿ ಶರಬತ್ತು ಮಾಡಿ ಕುಡಿದ. ಅವನೂ ಕೇಳಲಿಲ್ಲ. ಆಮೇಲೆ ಮಾತಿಲ್ಲ. ಒಬ್ಬ ಭಜನಾ ಮಂಡಳಿ ಕಟ್ಟಿದ, ಇನ್ನೊಬ್ಬ ಅದರ ಎದುರಿಗೇ ವಿಚಾರ ವೇದಿಕೆ ಕಟ್ಟಿದ. ತನ್ನ ಹೆಸರಿನೊಳಗಿದ್ದ ದೇವನನ್ನು ಕಿತ್ತು ಬಿಸಾಕಿ 'ಈರಪ್ಪ' ಅಂತ ಸಹಿ ಮಾಡತೊಡಗಿದ. ಈರಪ್ಪ ಅಂದರೂ ವೀರಭದ್ರ ದೇವರೇ ಅಂತ ಊರು ಒಳಗೊಳಗೇ ನಕ್ಕಿತು.

ಕಲ್ಲೇಶ ಯಾರ ಪಕ್ಕ ಕೂತರೂ ಇನ್ನೊಬ್ಬನಿಗೆ ಉರಿ. ಹಾಗಾಗಿ ಒಂದು ವರ್ಷದಿಂದ ಪೂರ್ತಿ ಕಾಫಿ ಒಬ್ಬನೇ ಕುಡಿಯುವ ದುರ್ಗತಿ. ಆ ಬೆಂಚಿನ ತುದಿಗೆ ಒಬ್ಬನೇ ಕೂತರೆ ಇನ್ನೊಂದು ತುದಿ ಮೇಲೇಳುತ್ತಿತ್ತು. ಪಾಪ, ನಡುವೆಯೇ ಕೂರುತ್ತಿದ್ದ.

ಹೀಗಿರುವಾಗ ಇಬ್ಬರೂ ಒಂದೇ ಭಾನುವಾರಕ್ಕೆ ಬೋರ್ಡು ಹೇಳಿದರು.

"'ದೇವರಿಲ್ಲಿ' ಅಂತ ಬರಿ ಕಣೋ," ಅಂದ ರುದ್ರಮೂರ್ತಿ. "ಆ ಮೇಷ್ಟ್ರ ಬೋರ್ಡಿಗಿಂತ ಒಂದಿಂಚು ದೊಡ್ಡದಿರ್ಲಿ."

"'ದೇವರಿಲ್ಲ' ಅಂತ ಬರಿಯಪ್ಪಾ," ಅಂದ ದೇವೀರಪ್ಪ. "ಆ ಕೊಬ್ಬರಿ ಬೋರ್ಡಿಗಿಂತ ಒಂದಿಂಚು ಜಾಸ್ತಿ ಇರ್ಬೇಕು."

ಕಲ್ಲೇಶ ಇಬ್ಬರಿಗೂ ಹೂಂ ಅಂದು ತಗಡನ್ನು ಒಂದೇ ಅಳತೆಗೆ ಕತ್ತರಿಸಿದ. ರುದ್ರಮೂರ್ತಿಯ ಬೋರ್ಡಿನ ಅನಾವರಣ ರಾಹುಕಾಲ ಬರುವ ಮುಂಚೆ, ನಾಲ್ಕೂಕಾಲಿಗೆ. ದೇವೀರಪ್ಪನದು ಹಟಕ್ಕೆ ರಾಹುಕಾಲದಲ್ಲೇ, ನಾಲ್ಕೂವರೆಗೆ. ರಾಹುಕಾಲ ಎಷ್ಟು ಹೊತ್ತಿಗೆ ಅಂತ ಊರಲ್ಲಿ ಎಲ್ಲರಿಗಿಂತ ಹೆಚ್ಚು ವಿಚಾರಿಸಿದವನು ವಿಚಾರವಾದಿಯೇ.

ಭಾನುವಾರ ಮಧ್ಯಾಹ್ನ ಕಲ್ಲೇಶನ ಅಂಗಡಿಯಲ್ಲಿ ಎರಡೂ ಬೋರ್ಡು ಒಣಗುತ್ತಿದ್ದವು. ತಗಡು ಉಜ್ಜಿದ ಧೂಳು ಪಕ್ಕದ ಹೋಟೆಲಿನ ಹಾಲಿಗೆ ಹಾರುತ್ತಿತ್ತು. ಮೂವರಿಗೂ ಅಕ್ಕನಂತಿದ್ದ ವನಜಾಕ್ಷಿ ಕಿಟಕಿಯಿಂದ ಕೂಗಿದಳು.

"ಲೇ ಕಲ್ಲೇಶಾ! ಗುಡಿಸು ಕಣೋ!"

ಕಲ್ಲೇಶ ಬೋರ್ಡುಗಳತ್ತ ನೋಡಿದ. "ಒಂದ್ ಕಡೆ ಆಗಿದೆ ಅಕ್ಕಾ!"

"ಒಂದ್ ಕಡೆ ಆದ್ರೆ ಸಾಕೇನೋ? ಎರಡೂ ಕಡೆ ಗುಡಿಸು!"

ಕಲ್ಲೇಶ ಎರಡನೇ ಬೋರ್ಡಿನತ್ತ ತಿರುಗಿದ. ಎರಡೂ ಕಡೆ? ಬೆಳಗ್ಗೆ ಮೇಷ್ಟ್ರು ಹೋಟೆಲಿಗೆ ಹೋಗಿದ್ದನ್ನು ಅವನೇ ನೋಡಿದ್ದ. ಅಂದರೆ ರಾಜಿಯಾಗಿದೆ! ಅಕ್ಕನ ಕೈಲಿ ಹೇಳಿ ಕಳಿಸಿದ್ದಾನೆ! ಖುಷಿಯಲ್ಲಿ ಮೇಷ್ಟ್ರ 'ಲ'ಕ್ಕೂ ಕುಂಚ ಇಟ್ಟ; ಗುಡಿಸು ಅವನ ಜೀವಮಾನದಲ್ಲೇ ಚೆಂದದ ಗುಡಿಸಾಗಿ ಬಂತು.

ನಾಲ್ಕೂವರೆಗೆ ತರೀಕೆರೆಯಿಂದ ಬಂದ ಅತಿಥಿಗಳು ಪರದೆ ಎಳೆದರು. ವಿಚಾರ ವೇದಿಕೆಯ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಹೊಳೆಯಿತು: 'ದೇವರಿಲ್ಲಿ'.

ಅತಿಥಿಗಳು ಕೈಗಡಿಯಾರ ನೋಡಿಕೊಂಡು ತರೀಕೆರೆ ಬಸ್ಸಿನ ಹೊತ್ತು ಕೇಳಿದರು.

"ಪವಾಡ ಕಣ್ರೋ!" ಎದುರಿನಿಂದ ರುದ್ರಮೂರ್ತಿ ಕಿರುಚಿದ. "ರಾಹುಕಾಲದಲ್ಲೇ ದೇವ್ರು ಬಂದ್ಬಿಟ್ಟ!" ಕಡೂರಿಂದ ಕರೆಸಿದ್ದ ಭಜನೆಯವರು ತಾಳ ಸಮೇತ ಬೀದಿ ದಾಟಿದರು. ಬೋರ್ಡಿಗೆ ಹಾರ ಬಿತ್ತು, ಕರ್ಪೂರ ಹತ್ತಿತು. ಬೇಡ ಬೇಡ ಅನ್ನುವುದರೊಳಗೆ ದೇವೀರಪ್ಪನ ಹಣೆಗೂ ವಿಭೂತಿ ಬಿತ್ತು. ಈ ಸಲವೂ ಯಾರೂ ಕೇಳಲಿಲ್ಲ.

"ಲೇ ಕಲ್ಲೇಶಾ!" ದೇವೀರಪ್ಪ ಗುಡುಗಿದ. "ನಂಬದವರ ಮನಸ್ಸು ನೋಯಿಸ್ತೀಯೇನೋ? ಒರೆಸೋ ಅದನ್ನ!"

ಆಗಲೇ ಕಲ್ಲೇಶ ಓಡಿದ್ದು. ಟರ್ಪೆಂಟೈನ್ ತಂದು, ಏಣಿ ಹತ್ತಿ, ಗುಡಿಸಿನ ಅರ್ಧ ಒರೆಸಿದ್ದನೋ ಇಲ್ಲವೋ, ರುದ್ರಮೂರ್ತಿ ಕಾಲು ಹಿಡಿದು ಎಳೆದ.

"ದೇವ್ರನ್ನೇ ಒರೆಸ್ತೀಯೇನೋ ಪಾಪಿ! ನಂಬಿದವರ ಮನಸ್ಸು ನೋಯಿಸ್ತೀಯಾ?"

ನಂಬದವರು, ನಂಬಿದವರು. ಅಲ್ಲೂ ಒಂದು ಗುಡಿಸಿನದೇ ವ್ಯತ್ಯಾಸ ಅಂತ ಏಣಿಯ ಮೇಲೆ ಕಲ್ಲೇಶನಿಗೆ ಹೊಳೆಯಿತು. ಆದರೆ ಹೇಳಲು ಬಿಡುವೆಲ್ಲಿ? ಒಬ್ಬ ಒರೆಸು ಅಂತ ಒಂದು ಕಾಲೆಳೆದ, ಇನ್ನೊಬ್ಬ ಒರೆಸಬೇಡ ಅಂತ ಇನ್ನೊಂದು. ಗುಡಿಸು ಅತ್ತ ಇರಲಿಲ್ಲ, ಇತ್ತ ಹೋಗಿರಲಿಲ್ಲ. ಬಿದ್ದ ಕಲ್ಲೇಶನ ಮೇಲೆ ಇಬ್ಬರೂ ಬಗ್ಗಿ ನಿಂತರು.

"ಗುಡಿಸು ಹಾಕಿದ್ಯಾರು?" ಅಂದ ದೇವೀರಪ್ಪ.

"ಇವನೇ. ಒರೆಸಿದ್ದೂ ಇವನೇ," ಅಂದ ರುದ್ರಮೂರ್ತಿ. ಒಂದು ವರ್ಷದಲ್ಲಿ ಅವರಿಬ್ಬರು ಆಡಿದ ಮೊದಲ ಮಾತು ಅದು.

"ಅಕ್ಕ ಹೇಳಿದ್ಲು ಕಣ್ರೋ, ಎರಡೂ ಕಡೆ ಗುಡಿಸು ಅಂತ!"

"ಅಯ್ಯೋ ನಿನ್ನ!" ವನಜಾಕ್ಷಿ ಹಣೆ ಚಚ್ಚಿಕೊಂಡಳು. "ನಾನ್ ಹೇಳಿದ್ದು ಕಸ ಕಣೋ! ಅಂಗಡಿ ಹಿಂದೆ, ಮುಂದೆ!"

ಬೀದಿಯೆಲ್ಲ ನಕ್ಕಿತು. ಅವರಿಬ್ಬರು ನಗಲಿಲ್ಲ.

"ನೀನಾದ್ರೂ ಒಂದ್ ಕಡೆ ಇದೀಯ ಕಣೋ ದೇವೀರಾ," ಅಂದ ರುದ್ರಮೂರ್ತಿ. "ಇವನು ಯಾವ ಕಡೆಗೂ ಇಲ್ಲ."

ಹೆಸರಿನೊಳಗೆ ದೇವ ವಾಪಸ್ ಬಂದದ್ದನ್ನು ಮೇಷ್ಟ್ರು ಗಮನಿಸಲೇ ಇಲ್ಲ. "ಇಂಥವನನ್ನ ನಂಬಲೇಬಾರದು ಬಿಡು," ಅಂದ.

ಸಂಜೆ ಕಲ್ಲೇಶ ಕುಂಟುತ್ತಾ ಹೋಟೆಲಿಗೆ ಬಂದರೆ ಬೆಂಚಿನ ಮೇಲೆ ರುದ್ರಮೂರ್ತಿ, ದೇವೀರಪ್ಪ! ನಡುವೆ ಇಬ್ಬರ ಟವೆಲ್ಲುಗಳು ಒಂದರ ಮೇಲೊಂದು. ಒಂದೇ ಕಾಫಿ, ಎರಡು ಲೋಟ. ಕಲ್ಲೇಶನಿಗೆ ಬೆನ್ನಿನ ನೋವೆಲ್ಲ ಮರೆತೇ ಹೋಯಿತು.

"ಸದ್ಯ, ಕೂತ್ರಲ್ಲ! ಟವೆಲ್ ತೆಗೀರೋ. ನನ್ನ ಜಾಗ?"

"ಇಲ್ಲ," ಅಂದ ದೇವೀರಪ್ಪ.

"ಇಲ್ಲಿ ಇಲ್ಲ," ಅಂದ ರುದ್ರಮೂರ್ತಿ.

ಮೊದಲು ನಕ್ಕವನು ಕಲ್ಲೇಶನೇ. ಇಲ್ಲ, ಇಲ್ಲಿ ಇಲ್ಲ ಅಂತ ಇಬ್ಬರ ದನಿಯನ್ನೂ ತೆಗೆದು ತೆಗೆದು ನಕ್ಕ. ಪೂರ್ತಿ ಕಾಫಿ ಹಿಡಿದು ಕಂಬಕ್ಕೊರಗಿ, ಹೆಗಲ ಮೇಲಿದ್ದ ಬಟ್ಟೆಯಲ್ಲಿ ಕಣ್ಣು ಒರೆಸಿಕೊಂಡ.

"ಅಳ್ತಿದೀಯೇನೋ?" ವನಜಾಕ್ಷಿ ಮೆಲ್ಲಗೆ ಕೇಳಿದಳು.

"ಟರ್ಪೆಂಟೈನ್ ಕಣಕ್ಕಾ," ಅಂದ ಕಲ್ಲೇಶ, ಎಲ್ಲರಿಗಿಂತ ಜೋರಾಗಿ ನಗುತ್ತಾ.