ಭಾಗ ಹೋಗದ ನಂಬರು

ಗಂಗಾವತಿಯ ನಿವೃತ್ತ ಗಣಿತ ಮಾಸ್ತರ ಉಮರಸಾಬರಿಗೆ ಸಕ್ಕರೆ ಕಾಯಿಲೆಯಿತ್ತು, ಮಂಡಿನೋವಿತ್ತು. ಎರಡನ್ನೂ ಮರೆಸುವಂಥ ಜಂಬವೂ ಇತ್ತು. ಅವರ ಮೊಬೈಲ್ ನಂಬರು ಅವಿಭಾಜ್ಯ ಸಂಖ್ಯೆ! ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಅದು ಸರಿಯಾಗಿ ಭಾಗ ಹೋಗದು. ಇದು ಗಾಳಿಮಾತಲ್ಲ. ಹಳೆ ಕ್ಯಾಲೆಂಡರುಗಳ ಬೆನ್ನ ಮೇಲೆ, ಲಕ್ಷದೊಳಗಿನ ಅವಿಭಾಜ್ಯಗಳಿಂದೆಲ್ಲ ಅದನ್ನು ಭಾಗಿಸಿ ನೋಡಿದ್ದರು. (ಹತ್ತು ಅಂಕಿಯ ಸಂಖ್ಯೆಗೆ ಅಷ್ಟು ಪರೀಕ್ಷೆ ಸಾಕು. ಹೆಂಡತಿ ರಾಜಾಬೀಯ ತಾಳ್ಮೆಗೆ ಮಾತ್ರ ಅದು ವಿಪರೀತವಾಯಿತು.)

"ನನ್ನ ನಂಬರ್ ಯಾರ ಮುಂದೂ ಬಗ್ಗೂದಿಲ್ಲ. ನಿಂದು ಎಂಟರಾಗ ಮುಗೀತೈತಿ. ಎರಡರಿಂದ ಒಂದ ಏಟಿಗೆ ಚೂರು!" ಎಂದು ಮನೆಗೆ ಬಂದವರೆದುರೆಲ್ಲ ಆಕೆಯನ್ನು ಹಂಗಿಸುತ್ತಿದ್ದರು.

"ಚೂರಾದ್ರೂ ಫೋನ್ ಹತ್ತತೈತಲ್ರಿ, ಸಾಕು" ಎನ್ನುತ್ತಿದ್ದಳು ರಾಜಾಬೀ.

ಒಂದು ಸಂಜೆ ಕಾಲುವೆಯ ದಂಡೆಯ ಮೇಲೆ ನಡೆಯುವಾಗ ಯಾರದೋ ಕರೆ ಬಂತು. ಆ ಕಡೆಯವನು "ರಾಂಗ್ ನಂಬರ್ರಿ" ಎಂದುಬಿಟ್ಟ. ಮಾಸ್ತರ ರಕ್ತ ಕುದಿಯಿತು. "ರಾಂಗ್ ಅಲ್ಲೋ ತಮ್ಮಾ, ಅವಿಭಾಜ್ಯ!" ಎಂದು ಕೈ ಬೀಸಿ ಪಾಠ ಶುರು ಮಾಡಿದರು. ಮೊಬೈಲು ಜಾರಿ ಎಡದಂಡೆ ಕಾಲುವೆಯ ಪಾಲಾಯಿತು.

ಹೋದದ್ದು ಮೊಬೈಲಾದರೆ ಹೋಗಲಿ, ಆ ನಂಬರು ಹೋದರೆ ಬದುಕುವುದು ಹೇಗೆ? ಮಂಡಿನೋವು ಮರೆತು ಪೇಟೆಗೆ ಓಡಿದರು. ಸಿಮ್ಮಿನ ಅಂಗಡಿಯ ಗವಿಸಿದ್ದೇಶ ಅವರ ಹಳೆ ಶಿಷ್ಯ.

"ಅದ ನಂಬರ್ ಮತ್ತ ಸಿಗತೈತ್ರಿ ಸರ್. ಆದ್ರ ಅದು ನಿಮ್ಮ ಹೆಸರಲೆ ಇಲ್ರಿ. ಅಮ್ಮಾರ ಹೆಸರಲೆ ಐತಿ."

ಆಗ ನೆನಪಾಯಿತು. ಜೀವಮಾನವಿಡೀ ಸೀಮೆಸುಣ್ಣ ಹಿಡಿದು ಸವೆದ ಅವರ ಬೆರಳುಗಳನ್ನು ಅಂಗಡಿಯ ಬೆರಳಚ್ಚಿನ ಯಂತ್ರ ಮೂಸಿಯೂ ನೋಡಿರಲಿಲ್ಲ. ಎರಡೂ ಸಿಮ್ಮಿಗೆ ಅಂದು ಹೆಬ್ಬೆಟ್ಟು ಒತ್ತಿದವಳು ರಾಜಾಬೀ.

ಮಾಸ್ತರು ಮನೆಗೆ ಹೋಗಿ, ಹಲ್ಲು ಗಿಂಜಿ, ಹೆಂಡತಿಯನ್ನು ಆಟೋದಲ್ಲಿ ಸಕಲ ಮರ್ಯಾದೆಯೊಂದಿಗೆ ಕರೆತಂದರು.

"ಒತ್ತತೀನ್ರಿ" ಎಂದಳು ಆಕೆ. "ಆದ್ರ ಬಗ್ಗಲಾರದ್ದು ಇನ್ನ ನನ್ನ ಫೋನಿನಾಗ ಇರ್ಲಿ. ಚೂರಾಗೂದು ನೀವ ಇಟ್ಕೊರ್ರಿ."

"ಅದು ಹ್ಯಾಂಗ? ಅಷ್ಟೆಲ್ಲ ಲೆಕ್ಕಾ ಮಾಡಿದಾಂವ ನಾನು!"

"ಲೆಕ್ಕಾ ನಿಮ್ದು, ಹೆಬ್ಬಟ್ಟ ನಂದು."

ಗವಿಸಿದ್ದೇಶ ನಗು ತಡೆಯಲು ಕೆಮ್ಮಿದ. ಮಾಸ್ತರು ತಲೆ ತಗ್ಗಿಸಿದರು. ಹೊಸ ಸಿಮ್ಮು ಆಕೆಯ ಫೋನಿಗೆ, ಆಕೆಯ ಸಿಮ್ಮು ಮಾಸ್ತರು ಅಲ್ಲೇ ಕೊಂಡ ಹೊಸ ಫೋನಿಗೆ ಹೋದವು.

ರಾಜಾಬೀ ಓಣಿಗೆಲ್ಲ ಜಂಪರು ಹೊಲಿದುಕೊಡುವವಳು. ಗಿರಾಕಿಗಳ ಬಳಿ ಇದ್ದುದೆಲ್ಲ ಆಕೆಯ ಹಳೆ ನಂಬರು. ಮರುದಿನ ಬೆಳಿಗ್ಗೆಯಿಂದಲೇ ಗಣಿತಶಿರೋಮಣಿಗಳ ಜೇಬು ಅರಚತೊಡಗಿತು. "ತೋಳು ಬಿಗಿ ಆಗ್ಯಾವ್ರೀ", "ನಾಳಿ ಲಗ್ನ ಐತಿ, ಇನ್ನ ಹೊಲದಿಲ್ಲೇನು?" ಎಂಬ ಬೈಗುಳಗಳಿಗೆಲ್ಲ ಅವರೇ ಕಿವಿಯಾದರು. ಬೈಸಿಕೊಳ್ಳುವುದು ಬೇಗ ಮುಗಿಯಲೆಂದು ಜಂಪರಿನ ಕೆಲಸಕ್ಕೂ ಕೈ ಹಾಕಿದರು.

ಕಾರಟಗಿಯಿಂದ ಹಳೆ ಸಹೋದ್ಯೋಗಿಯೊಬ್ಬರು ಆ ಘನವಾದ ನಂಬರಿಗೆ ಫೋನು ಮಾಡಿದರು. "ಮಾಸ್ತರ ಅದಾರೇನ್ರಿ?"

"ಅದಾರ್ರಿ" ಎಂದಳು ರಾಜಾಬೀ, ಎಲೆಯಡಿಕೆ ಮೆಲ್ಲುತ್ತ. "ಹುಕ್ಕು ಹಚ್ಚಾಕತ್ಯಾರ."